ಮುಚ್ಚಲು ಒಂದು ರಾತ್ರಿ, ತೆರೆಯಲು ಎರಡು ವರ್ಷ

ಚರಿತ್ರೆ ಎಂದರೆ ರಾಜರ ಕಾಲದ್ದು, ಶಾಸನದಲ್ಲಿ ಕೆತ್ತಿರುವಂಥದ್ದು ಎಂದು ನಾವು ಮಾಷ್ಟ್ರುಗಳೇ ಮಕ್ಕಳ ತಲೆಯಲ್ಲಿ ಕೂರಿಸಿಬಿಟ್ಟಿದ್ದೇವೆ. ಈಚೆಗೆ ಏಳನೇ ಕ್ಲಾಸಿನ ಒಬ್ಬ ಹುಡುಗನಲ್ಲಿ "ಲಾಕ್‌ಡೌನ್ ಅಂದ್ರೆ ಎಂತ, ಗೊತ್ತುಂಟಾ?" ಎಂದು ಕೇಳಿದೆ. "ಶಾಲೆ ಇರ್ಲಿಲ್ಲ ಮಾಷ್ಟ್ರೇ, ಟೀವಿಯಲ್ಲಿ ಪಾಠ ಬರ್ತಿತ್ತು" ಎಂದ. ಅವನಿಗೆ ನೆನಪಿರುವುದು ಅಷ್ಟೇ. ಅವನನ್ನು ದೂರಿ ಫಲವಿಲ್ಲ, ದೊಡ್ಡವರಿಗೂ ಮರೆತು ಹೋಗುತ್ತಾ ಬಂದಿದೆ. ಈಗ ಯಾರಲ್ಲಿ ಕೇಳಿದರೂ ಸಿಗುವುದು ಒಂದೇ ಕಥೆ: ಮುಚ್ಚಿದರು, ಕಷ್ಟ ಆಯಿತು, ಆಮೇಲೆ ತೆರೆದರು.

ಈ 'ಆಮೇಲೆ ತೆರೆದರು' ಎಂಬ ಎರಡು ಶಬ್ದಗಳ ಒಳಗೆ ಎರಡು ವರ್ಷದ ಜಗಳ ಉಂಟು. ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಯಾರಿಗೆ ಮೊದಲು ತೆರೆಯಬೇಕು ಎಂಬ ಜಗಳ. ಅದು ರಾಜ್ಯ ರಾಜ್ಯಗಳ ನಡುವೆ ನಡೆಯಿತು, ಕೇಂದ್ರಕ್ಕೂ ಕೇರಳಕ್ಕೂ ನಡೆಯಿತು, ಕೋರ್ಟಿನಲ್ಲಿ ನಡೆಯಿತು, ಪೇಟೆಯಲ್ಲಿ ನಡೆಯಿತು, ಕೊನೆಗೆ ನಮ್ಮ ಈ ವಾಚನಾಲಯದ ಜಗಲಿಯಲ್ಲಿಯೂ ನಡೆಯಿತು. ಕಾಸರಗೋಡಿನ ಗಡಿಯಲ್ಲಿ ನಿಂತು ನೋಡಿದವರಿಗೆ ಆ ಜಗಳ ಹೇಗೆ ಕಂಡಿತು ಎಂಬುದನ್ನು ಬರೆದಿಡುವುದೇ ಈ ಲೇಖನದ ಉದ್ದೇಶ.

ಮುಚ್ಚಿದ ಬಗೆ

ಭಾರತದಲ್ಲಿ ಕೊರೊನಾ ಮೊದಲು ಕಂಡದ್ದು 2020ರ ಜನವರಿ 30ರಂದು, ತೃಶ್ಶೂರಿನಲ್ಲಿ. ಮೂರನೆಯ ಪ್ರಕರಣವೇ ನಮ್ಮ ಜಿಲ್ಲೆಯದು. ಚೀನಾದ ವುಹಾನ್‌ನಿಂದ ಬಂದ ವಿದ್ಯಾರ್ಥಿಯೊಬ್ಬರಿಗೆ ರೋಗ ಇದೆಯೆಂದು ಫೆಬ್ರವರಿ 3ರಂದು ಕಾಞಂಗಾಡಿನಲ್ಲಿ ಗೊತ್ತಾಯಿತು. ಅವರು ಗುಣವಾಗಿ ಮನೆಗೆ ಹೋದರು, ಊರು ನಿಟ್ಟುಸಿರು ಬಿಟ್ಟಿತು. ಮಾರ್ಚಿನಲ್ಲಿ ಗಲ್ಫಿನಿಂದ ಊರಿಗೆ ಮರಳಿದವರಲ್ಲಿ ರೋಗ ಮತ್ತೆ ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಕಾಸರಗೋಡು ಕೇರಳದಲ್ಲಿಯೇ ಅತಿ ಹೆಚ್ಚು ರೋಗಿಗಳಿರುವ ಜಿಲ್ಲೆಯಾಯಿತು.

ಮಾರ್ಚ್ 22 ಜನತಾ ಕರ್ಫ್ಯೂ. 23ರಂದು ಕೇರಳ ಸರಕಾರ ರಾಜ್ಯಕ್ಕೆಲ್ಲ ಲಾಕ್‌ಡೌನ್ ಘೋಷಿಸಿತು. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು, ಅಂದಿನ ಮಧ್ಯರಾತ್ರಿಯಿಂದಲೇ ಇಡೀ ದೇಶ 21 ದಿನ ಮುಚ್ಚುತ್ತದೆ ಎಂದರು. ನಾಲ್ಕು ಗಂಟೆಯ ಪುರುಸೊತ್ತು.

ಮುಚ್ಚುವುದಕ್ಕೆ ಕಾನೂನು ಸಿದ್ಧ ಇತ್ತು. ಒಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇನ್ನೊಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಇದು ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷರು ಮಾಡಿದ ನಾಲ್ಕೇ ಕಲಮುಗಳ ಪುಟ್ಟ ಕಾನೂನು. ಸರಕಾರ ಬೇಕಾದ ನಿಯಮ ಮಾಡಬಹುದು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಬಹುದು, ಮೀರಿದವರನ್ನು ಶಿಕ್ಷಿಸಬಹುದು ಎಂದು ಅದರಲ್ಲಿ ಉಂಟು. ಆ ನಿಯಮಗಳನ್ನು ಯಾವಾಗ ಸಡಿಲ ಮಾಡಬೇಕು, ಯಾರನ್ನು ಕೇಳಿ ಮಾಡಬೇಕು ಎಂಬ ಮಾತು ಅದರಲ್ಲಿ ಇಲ್ಲ. ಬೀಗದ ಜೊತೆಗೆ ಕೀಲಿಕೈ ಕೊಡದ ಕಾನೂನು ಅದು. ಮುಂದೆ ಆದ ಅಷ್ಟೂ ತಕರಾರು ಆ ಕೀಲಿಕೈಯನ್ನು ಹುಡುಕಿದ್ದೇ.

ತಲಪಾಡಿಯ ಮಣ್ಣಿನ ರಾಶಿ

ಉಳಿದ ಊರುಗಳಿಗೆ ಮುಚ್ಚಿದ್ದು ಅಂಗಡಿ, ಶಾಲೆ, ಬಸ್ಸು. ನಮಗೆ ಅದರ ಮೇಲೆ ರಸ್ತೆಯೂ ಮುಚ್ಚಿತು. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ದಕ್ಷಿಣ ಕನ್ನಡಕ್ಕೆ ಹೋಗುವ ದಾರಿಗಳಿಗೆ ಕರ್ನಾಟಕದ ಕಡೆಯಿಂದ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ತಲಪಾಡಿಯ ಹೆದ್ದಾರಿಯಲ್ಲೂ ರೋಗಿಗಳ ವಾಹನವನ್ನು ಬಿಡಲಿಲ್ಲ.

ಹೊರಗಿನವರಿಗೆ ಇದರ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ನಕ್ಷೆಯಲ್ಲಿ ಗೆರೆ ಬಿದ್ದ ಮೇಲೆಯೂ ಕಾಲು ಹೋದದ್ದು ಹಳೆಯ ದಾರಿಯಲ್ಲಿಯೇ. ಅಡಿಕೆ ಮಾರಲು ಮಂಗಳೂರು, ಬೀಡಿಯ ಎಲೆ ಹೊಗೆಸೊಪ್ಪು ಬರುವುದು ಮಂಗಳೂರಿನಿಂದ, ಮಕ್ಕಳ ಕಾಲೇಜು ಮಂಗಳೂರು, ಆಸ್ಪತ್ರೆಯಂತೂ ಮಂಗಳೂರೇ. ತಲಪಾಡಿಯಿಂದ ಹದಿನೇಳು ಹದಿನೆಂಟು ಕಿಲೋಮೀಟರಿನಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿರುವಾಗ ಮಂಜೇಶ್ವರದವರು ನೂರು ಕಿಲೋಮೀಟರ್ ದಾಟಿ ಪರಿಯಾರಕ್ಕೆ ಯಾಕೆ ಹೋಗಬೇಕು? ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೃದಯದ ಕಾಯಿಲೆಯವರು, ಎಂಡೋಸಲ್ಫಾನ್‌ನಿಂದ ನೊಂದ ಮನೆಗಳ ಮಕ್ಕಳು ಎಲ್ಲರೂ ಆ ದಾರಿಯನ್ನೇ ನಂಬಿದವರು.

ಮಣ್ಣು ಬಿದ್ದ ಮೇಲೆ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ಬಂದವು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಸುಮಾರು ಹತ್ತು ಮಂದಿ ತೀರಿಕೊಂಡರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ಅವರಿಗೆ ಇದ್ದದ್ದು ಕೊರೊನಾ ಅಲ್ಲ. ಈ ಮಾತನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

ಆದರೆ ಆಚೆಯವರ ಮಾತನ್ನೂ ನ್ಯಾಯವಾಗಿ ಹೇಳಬೇಕು. ಏಪ್ರಿಲ್ ಸುರುವಿಗೆ ಕಾಸರಗೋಡಿನ ಪ್ರಕರಣಗಳು ನೂರು ದಾಟಿದ್ದವು, ದಕ್ಷಿಣ ಕನ್ನಡದಲ್ಲಿ ಬೆರಳೆಣಿಕೆ. ಅಲ್ಲಿಂದ ಬರುವವರಲ್ಲಿ ಯಾರಿಗೆ ರೋಗ ಉಂಟು, ಯಾರಿಗೆ ಇಲ್ಲ ಎಂದು ಗಡಿಯಲ್ಲಿ ನಿಂತು ಹೇಗೆ ಹೇಳುವುದು, ನಮ್ಮ ಜನರನ್ನು ಕಾಯುವುದು ನಮ್ಮ ಹೊಣೆ ಎಂಬುದು ಕರ್ನಾಟಕ ಸರಕಾರದ ವಾದ. ಮಂಗಳೂರಿನಲ್ಲಿರುವ ನಮ್ಮ ನೆಂಟರಲ್ಲಿಯೇ ಕೆಲವರು ಫೋನಿನಲ್ಲಿ "ಈಗ ತೆರೆಯುದು ಬೇಡ ಮಾರಾಯ್ರೇ, ಸ್ವಲ್ಪ ದಿನ ಹೋಗ್ಲಿ" ಎಂದದ್ದು ನನಗೆ ನೆನಪಿದೆ. ಕರ್ನಾಟಕದ ಒಳಗೂ ಒಂದೇ ಅಭಿಪ್ರಾಯ ಇರಲಿಲ್ಲ. ದಾರಿ ಬಿಡಿರೆಂದು ಮಾಜಿ ಪ್ರಧಾನಿ ದೇವೇಗೌಡರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಪತ್ರ ಬರೆದರು. ಯಡಿಯೂರಪ್ಪನವರು ಒಪ್ಪಲಿಲ್ಲ.

ವಿಷಯ ಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಇದು ಜನರ ಸಂಚಾರದ ಹಕ್ಕಿಗೂ ಬದುಕುವ ಹಕ್ಕಿಗೂ ಅಡ್ಡಿ, ರಾಷ್ಟ್ರೀಯ ಹೆದ್ದಾರಿಯ ತಡೆಯನ್ನು ಕೇಂದ್ರ ಸರಕಾರ ಕೂಡಲೇ ತೆಗೆಸಬೇಕು ಎಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯದವರನ್ನು ಕೂರಿಸಿ ಮಾತಾಡಿ ಎಂದು ಆ ಕೋರ್ಟು ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು ಒಪ್ಪಂದ ಆಯಿತು: ತುರ್ತು ರೋಗಿಗಳು ತಲಪಾಡಿಯ ಮೂಲಕ ಹೋಗಬಹುದು, ಆದರೆ ಸರ್ಟಿಫಿಕೇಟು ಬೇಕು, ಗಡಿಯಲ್ಲಿ ವೈದ್ಯರ ಪರೀಕ್ಷೆ ಆಗಬೇಕು.

ಗಮನಿಸಿ, ಕೊನೆಗೆ ಸಿಕ್ಕಿದ್ದು ಪೂರ್ತಿ ತೆರೆದ ಬಾಗಿಲೂ ಅಲ್ಲ, ಪೂರ್ತಿ ಮುಚ್ಚಿದ ಬಾಗಿಲೂ ಅಲ್ಲ. ಒಂದು ಕಿಂಡಿ. ಮೊದಲ ದಿನವೇ ಈ ಕಿಂಡಿಯನ್ನು ಇಡಬಹುದಿತ್ತಲ್ಲ ಎಂಬ ಪ್ರಶ್ನೆ ನಮ್ಮಲ್ಲಿ ಇಂದಿಗೂ ಉಳಿದಿದೆ. ತೆರೆಯುವುದೋ ಮುಚ್ಚುವುದೋ ಎಂದು ಎರಡು ಕಡೆಯವರೂ ಹಟ ಹಿಡಿದ ದಿನಗಳಲ್ಲಿ ಈ ಕಿಂಡಿ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಒಳ್ಳೆಯದೂ ಆಯಿತು. 2013ರಲ್ಲಿ ಕಲ್ಲು ಹಾಕಿ ಅರ್ಧದಲ್ಲಿ ನಿಂತಿದ್ದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನ ಒಂದು ಕಟ್ಟಡ ಏಪ್ರಿಲ್ 6ರಂದು ಕೊರೊನಾ ಆಸ್ಪತ್ರೆಯಾಗಿ ತೆರೆಯಿತು. ತಿರುವನಂತಪುರದಿಂದ ವೈದ್ಯರು, ನರ್ಸುಗಳು ಬಂದರು. ಮೇ 10ರಂದು ಜಿಲ್ಲೆಯ 178 ರೋಗಿಗಳಲ್ಲಿ ಕೊನೆಯವರೂ ಗುಣವಾಗಿ ಮನೆಗೆ ಹೋದರು. ಅಲ್ಲಿಯ ತನಕ ಜಿಲ್ಲೆಯಲ್ಲಿ ಕೊರೊನಾದಿಂದ ಒಂದು ಸಾವೂ ಆಗಿರಲಿಲ್ಲ. ರೋಗಕ್ಕೆ ಒಬ್ಬರೂ ಸಾಯದ ಆ ದಿನಗಳಲ್ಲಿ ಗಡಿಗೆ ಸತ್ತವರಿದ್ದರು.

ಏಪ್ರಿಲ್ 20ರ ಆತುರ

ಎರಡನೆಯ ತಕರಾರು ಕೇಂದ್ರಕ್ಕೂ ಕೇರಳಕ್ಕೂ ಆಯಿತು. ಏಪ್ರಿಲ್ 20ರಿಂದ ಕೆಲವು ಕೆಲಸಗಳಿಗೆ ಸಡಿಲಿಕೆ ಎಂದು ಕೇಂದ್ರ ಹೇಳಿತ್ತು. ಕೇರಳದಲ್ಲಿ ರೋಗ ಇಳಿಮುಖವಾಗಿದ್ದ ಕಾರಣ ರಾಜ್ಯ ಸರಕಾರ ಜಿಲ್ಲೆಗಳನ್ನು ನಾಲ್ಕು ವಲಯ ಮಾಡಿ, ಕೇಂದ್ರ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಕ್ಷೌರದ ಅಂಗಡಿ, ಹೋಟೆಲಿನಲ್ಲಿ ಕೂತು ಊಟ, ಪುಸ್ತಕದ ಅಂಗಡಿ, ಬೈಕಿನ ಹಿಂದೆ ಒಬ್ಬರು, ಹೀಗೆ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು, ಮಲಪ್ಪುರಂ ಕೆಂಪು ವಲಯ, ನಮಗೆ ಯಾವುದೂ ಇಲ್ಲ. ರೋಗಿಗಳೇ ಇಲ್ಲದ ಕೋಟ್ಟಯಂ, ಇಡುಕ್ಕಿ ಹಸಿರು.

19ರಂದೇ ಕೇಂದ್ರದ ಗೃಹ ಇಲಾಖೆಯಿಂದ ಪತ್ರ ಬಂತು, ಇದು ನಮ್ಮ ನಿಯಮವನ್ನು ನೀರು ಮಾಡಿದ ಹಾಗೆ ಎಂದು. ಅರ್ಥ ಮಾಡಿಕೊಳ್ಳುವಲ್ಲಿ ವ್ಯತ್ಯಾಸ ಆಯಿತು ಎಂದು ಕೇರಳ ಹೇಳಿ, ಕ್ಷೌರದಂಗಡಿ, ಹೋಟೆಲು ಊಟ, ಬೈಕಿನ ಹಿಂದಿನ ಸೀಟು ಇವನ್ನೆಲ್ಲ ಹಿಂದೆ ತೆಗೆದುಕೊಂಡಿತು. ಪುಸ್ತಕದ ಅಂಗಡಿ ತೆರೆಯುವುದು ಎಂಥ ಅಪರಾಧ ಎಂದು ವಾಚನಾಲಯದ ನಮಗೆ ಆಶ್ಚರ್ಯ ಆಗಿತ್ತು. ಎರಡೇ ದಿನಗಳಲ್ಲಿ ಶಾಲಾ ಪುಸ್ತಕಗಳ ಅಂಗಡಿಗೆ ಕೇಂದ್ರವೇ ಅನುಮತಿ ಕೊಟ್ಟಿತು.

ಮುಂದಿನದ್ದು ಪಾಠ ಮಾಡುವವರು ಗಮನಿಸಬೇಕಾದ ವಿಷಯ. ಒಂದು ವಾರದೊಳಗೆ ಹಸಿರು ಎಂದಿದ್ದ ಕೋಟ್ಟಯಂ, ಇಡುಕ್ಕಿಯಲ್ಲಿ ಹೊಸ ರೋಗಿಗಳು ಸಿಕ್ಕಿದರು, ಏಪ್ರಿಲ್ 27ರಂದು ಎರಡೂ ಜಿಲ್ಲೆ ಕೆಂಪಾದವು. ನೋಡಿದಿರಾ, ಆತುರ ಮಾಡಿದರೆ ಹೀಗೇ ಆಗುವುದು ಎಂದರು ಒಂದು ಕಡೆಯವರು. ಆದರೆ ರೋಗ ಅಂಟಿ, ಲಕ್ಷಣ ಕಂಡು, ಪರೀಕ್ಷೆ ಆಗಿ ಫಲಿತಾಂಶ ಬರಲು ಎಷ್ಟೋ ದಿನ ಬೇಕು. ಏಳು ದಿನದಲ್ಲಿ ಸಿಕ್ಕಿದ್ದೆಲ್ಲ ತೆರೆದದ್ದರಿಂದಲೇ ಬಂತು ಎನ್ನಲು ಆಗುವುದಿಲ್ಲ. ರೋಗ ಅಲ್ಲಿ ಮೊದಲೇ ಇದ್ದಿರಬಹುದು, ನಮ್ಮ ಕಣ್ಣಿಗೆ ಕಾಣದೇ ಇದ್ದಿರಬಹುದು. ಮುಂದಿನ ಎರಡು ವರ್ಷವೂ ಇದೇ ಕಥೆ. ಅಂಕಿ ಒಂದೇ, ಅದನ್ನು ಎರಡು ಕಡೆಯವರೂ ತಮ್ಮ ಸಾಕ್ಷಿಯೆಂದು ಕರೆದರು.

ತೆರೆಯಿರಿ ಎಂದರೂ ತೆರೆಯದವರು

ತೆರೆಯುವ ಜಗಳ ಎಂದರೆ ಜನ ತೆರೆಯಿರಿ ಎನ್ನುವುದು, ಸರಕಾರ ಬೇಡ ಎನ್ನುವುದು ಎಂದೇ ನಾವು ಎಣಿಸುತ್ತೇವೆ. ಯಾವಾಗಲೂ ಹಾಗಿರಲಿಲ್ಲ. 2020ರ ಜೂನ್ 8ರಿಂದ ದೇವಸ್ಥಾನ, ಮಸೀದಿ, ಇಗರ್ಜಿಗಳನ್ನು ತೆರೆಯಬಹುದು ಎಂದು ಕೇಂದ್ರ ಹೇಳಿತು, ಕೇರಳವೂ 9ರಿಂದ ಅನುಮತಿ ಕೊಟ್ಟಿತು. ಆಗ ಅನೇಕ ಕಡೆಗಳಲ್ಲಿ ಭಕ್ತರ ಮುಖಂಡರೇ, ಸದ್ಯಕ್ಕೆ ಬೇಡ ಎಂದರು. ತಿರುವನಂತಪುರದ ಪಾಳಯಂ ಜುಮಾ ಮಸೀದಿ ತೆರೆಯಲಿಲ್ಲ. ಶಬರಿಮಲೆಯಲ್ಲಿ ತಂತ್ರಿಗಳು ಆಕ್ಷೇಪಿಸಿ, ಆ ತಿಂಗಳ ಪೂಜೆಗೆ ಭಕ್ತರನ್ನು ಬಿಡುವುದು ನಿಂತಿತು. ಗುರುವಾಯೂರಿನಲ್ಲಿ ತೆರೆದು ಮತ್ತೆ ಮುಚ್ಚಿದರು. ದೇವಸ್ಥಾನ ತೆರೆಯುವ ಆತುರ ಯಾರಿಗೆ ಎಂದು ಕೇಂದ್ರದ ಮಂತ್ರಿಯೊಬ್ಬರು ರಾಜ್ಯವನ್ನು ಕೇಳಿದರು. ತೆರೆಯಬಹುದು ಎಂದದ್ದು ನೀವೇ ಅಲ್ಲವೇ ಎಂದು ರಾಜ್ಯದವರು ಉತ್ತರ ಕೊಟ್ಟರು. ಏಪ್ರಿಲಿನಲ್ಲಿ ತೆರೆಯಬೇಡ ಎಂದವರು ಕೇಂದ್ರದವರು, ಜೂನಿನಲ್ಲಿ ತೆರೆದದ್ದು ಯಾಕೆ ಎಂದವರೂ ಕೇಂದ್ರದವರು.

ನಮ್ಮ ಜಗಲಿಯ ಮಾತು

ಈಗ ನಮ್ಮ ಊರಿನ ಒಂದು ಸಂಗತಿ. ಅದು 2020ರ ಮೇ ತಿಂಗಳ ಮೊದಲ ವಾರ. ವಾಚನಾಲಯಕ್ಕೆ ಬೀಗ. ಆದರೆ ಪಂಚಾಯತಿನ ಸಮುದಾಯ ಅಡುಗೆಮನೆಯ ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸಲು ನಾವು ನಾಲ್ಕೈದು ಮಂದಿ ಪಾಸು ಹಿಡಿದುಕೊಂಡು ಬರುತ್ತಿದ್ದೆವು. ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ದೂರ ದೂರ ಕೂತು ಸ್ವಲ್ಪ ಹೊತ್ತು ಮಾತು. ಆ ದಿನ ನಾನು ದೊಡ್ಡ ಭಾಷಣವನ್ನೇ ಮಾಡಿದೆ. ಇನ್ನೂ ಎರಡು ತಿಂಗಳು ಮುಚ್ಚಿದರೂ ಅಡ್ಡಿಯಿಲ್ಲ, ಜೀವ ಮುಖ್ಯ, ಜನರಿಗೆ ತಾಳ್ಮೆ ಇಲ್ಲ, ಹೀಗೆಲ್ಲ. ನಮ್ಮೊಟ್ಟಿಗೆ ಪೊಟ್ಟಣ ಹಂಚಲು ಬರುತ್ತಿದ್ದ ಬಟ್ಟೆ ಅಂಗಡಿಯವರು ಸುಮ್ಮನೆ ಕೇಳಿದರು. ಆಮೇಲೆ ಮೆಲ್ಲ ಹೇಳಿದರು:

"ಮಾಷ್ಟ್ರೇ, ನೀವು ಹೇಳಿದ್ದು ಸರಿ ಉಂಟು. ಆದ್ರೆ ನಿಮಗೆ ಒಂದನೇ ತಾರೀಕಿಗೆ ಸಂಬಳ ಬರ್ತದೆ. ನನ್ನ ವಿಷು ವ್ಯಾಪಾರ ಹೋಯ್ತು, ಪೆರ್ನಾಳಿಂದೂ ಹೋಗ್ತದೆ. ಅಂಗಡಿ ಬಾಡಿಗೆ ಯಾರು ಕೊಡುದು? ಒಂದು ವರ್ಷ ಮುಚ್ಚಿ ಬೇಕಾದ್ರೆ. ಬಾಡಿಗೆ ಕೊಡುವವರು ಯಾರೂಂತ ಹೇಳಿ ಮುಚ್ಚಿ."

ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ಅದೇ ವಾರ ನಮ್ಮ ಸಂಬಳದ್ದೇ ಗಲಾಟೆ ನಡೆಯುತ್ತಿತ್ತು. ಸರಕಾರ ನೌಕರರ ಸಂಬಳದಲ್ಲಿ ತಿಂಗಳಿಗೆ ಆರು ದಿನದ್ದನ್ನು ಐದು ತಿಂಗಳು ಹಿಡಿದಿಡುತ್ತೇವೆ, ಆಮೇಲೆ ಕೊಡುತ್ತೇವೆ ಎಂದಿತ್ತು. ನಮ್ಮಲ್ಲಿ ಕೆಲವರು ಆದೇಶದ ಪ್ರತಿ ಸುಟ್ಟರು, ವಿಷಯ ಹೈಕೋರ್ಟಿಗೆ ಹೋಯಿತು, ಕೋರ್ಟು ತಡೆದಾಗ ಸರಕಾರ ಸುಗ್ರೀವಾಜ್ಞೆ ತಂದಿತು. ಆರು ದಿನದ ಸಂಬಳಕ್ಕೆ ನಾವು ಅಷ್ಟು ಕೂಗಿದೆವು, ಅದೂ ಹಿಂದೆ ಸಿಗುವ ಸಂಬಳಕ್ಕೆ. ಆ ಅಂಗಡಿಯವರದ್ದು ಮೂವತ್ತಕ್ಕೆ ಮೂವತ್ತು ದಿನವೂ ಹೋಗಿತ್ತು, ಹಿಂದೆ ಕೊಡುತ್ತೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟಾದರೂ ಅವರು ದಿನಾ ಬಂದು ಬೇರೆಯವರ ಮನೆಗೆ ಊಟ ಹಂಚುತ್ತಿದ್ದರು.

ಆಗ ಅಲ್ಲಿಯೇ ಇದ್ದ ಆಶಾ ಕಾರ್ಯಕರ್ತೆ ಅಕ್ಕ ಇನ್ನೊಂದು ಮಾತು ಹೇಳಿದರು. "ತೆರೆದ್ರೆ ಮೊದಲು ನಾನು ಹೋಗ್ಬೇಕು, ಮನೆ ಮನೆಗೆ. ನನ್ನ ಮನೆಯಲ್ಲಿ ಎಂಬತ್ತು ವರ್ಷದ ಅತ್ತೆ ಇದ್ದಾರೆ." ಅವರಿಗೆ ಬೇಗ ತೆರೆಯುವುದು ಹೆದರಿಕೆ. ಬೀಡಿ ಕಟ್ಟುವ ನೆರೆಮನೆಯ ಅಕ್ಕನಿಗೆ ತೆರೆಯದಿರುವುದೇ ಹೆದರಿಕೆ, ಎಲೆ ಬಂದು ಒಂದೂವರೆ ತಿಂಗಳಾಗಿತ್ತು. ಮಂಗಳೂರಿನಲ್ಲಿ ಮಗಳ ಹೆರಿಗೆಗೆ ಹೋಗಲಾರದೆ ಕೂತ ತಾಯಿಗೆ ಅಂಗಡಿ ತೆರೆದರೂ ಮುಚ್ಚಿದರೂ ಒಂದೇ, ಅವರಿಗೆ ಬೇಕಾದದ್ದು ತಲಪಾಡಿ. ಒಂದೇ ಜಗಲಿಯಲ್ಲಿ ನಾಲ್ಕು ಅಭಿಪ್ರಾಯ, ಯಾರೂ ಮೂರ್ಖರಲ್ಲ. ಪ್ರತಿಯೊಬ್ಬರೂ ತಮಗೆ ಎಲ್ಲಿ ಪೆಟ್ಟು ಬಿದ್ದಿದೆಯೋ ಅಲ್ಲಿಂದ ಮಾತಾಡಿದರು. ನಾನು ಮಾತ್ರ ಪೆಟ್ಟು ಬೀಳದ ಜಾಗದಿಂದ ಮಾತಾಡಿದ್ದೆ.

ಕೇರಳದಲ್ಲಿ ಆ ಮೊದಲ ತಿಂಗಳುಗಳನ್ನು ಜನ ತಾಳಿಕೊಂಡದ್ದು ಯಾಕೆ ಎಂಬುದಕ್ಕೂ ಇದರಲ್ಲಿಯೇ ಉತ್ತರ ಉಂಟು. ರೇಶನ್ ಅಂಗಡಿಯಲ್ಲಿ ಧರ್ಮಕ್ಕೆ ಅಕ್ಕಿ ಬಂತು, ಹದಿನೇಳು ಸಾಮಾನಿನ ಕಿಟ್ ಬಂತು, ಕುಟುಂಬಶ್ರೀಯ ಅಕ್ಕಂದಿರು ಅಡುಗೆ ಮಾಡಿ ಹಾಕಿದರು. ಬಾಗಿಲು ಮುಚ್ಚಿ ಎನ್ನುವ ಸರಕಾರ ಅಡುಗೆಕೋಣೆಯನ್ನೂ ನೋಡಿಕೊಂಡರೆ ಜನ ಬಾಗಿಲು ಮುಚ್ಚುತ್ತಾರೆ. ಆದರೆ ಕಿಟ್ಟಿನಲ್ಲಿ ಅಂಗಡಿ ಬಾಡಿಗೆ ಇರಲಿಲ್ಲ, ಬ್ಯಾಂಕಿನ ಕಂತು ಇರಲಿಲ್ಲ. ಮರುವರ್ಷ ಜಗಳ ಹೊತ್ತಿಕೊಂಡದ್ದು ಅಲ್ಲಿಂದಲೇ.

ಎ, ಬಿ, ಸಿ, ಡಿ

2021ರ ಮೇ 8ರಂದು ಎರಡನೇ ಅಲೆಗೆ ಕೇರಳ ಮತ್ತೆ ಮುಚ್ಚಿತು. ಜೂನ್ 17ರಿಂದ ತೆರೆಯಲು ಒಂದು ಹೊಸ ಲೆಕ್ಕ ಬಂತು, ಟಿಪಿಆರ್. ಅಂದರೆ ನೂರು ಜನರನ್ನು ಪರೀಕ್ಷೆ ಮಾಡಿದರೆ ಎಷ್ಟು ಮಂದಿಗೆ ರೋಗ ಇದೆ ಎಂಬ ಲೆಕ್ಕ. ಇದರ ಪ್ರಕಾರ ಪ್ರತಿ ಪಂಚಾಯತಿಗೆ ಎ, ಬಿ, ಸಿ, ಡಿ ಎಂದು ದರ್ಜೆ. ಎ ಆದರೆ ಹೆಚ್ಚುಕಡಿಮೆ ಎಲ್ಲ ತೆರೆಯಬಹುದು, ಡಿ ಆದರೆ ಟ್ರಿಪಲ್ ಲಾಕ್‌ಡೌನ್. ಶನಿವಾರ, ಭಾನುವಾರ ಎಲ್ಲರಿಗೂ ಬಂದ್.

ಕೇಳಲು ಶಾಸ್ತ್ರೀಯ. ಅನುಭವಿಸಿದವರಿಗೆ ಅದರ ತೊಂದರೆ ಗೊತ್ತು. ತೋಡಿನ ಈಚೆ ಒಂದು ಪಂಚಾಯತು, ಆಚೆ ಇನ್ನೊಂದು. ಈಚೆಯ ಅಂಗಡಿಗೆ ಬೀಗ, ಆಚೆಯ ಅಂಗಡಿಯಲ್ಲಿ ಎರಡೂ ಊರಿನವರು. ಸಣ್ಣ ಪಂಚಾಯತಿನಲ್ಲಿ ಒಂದೇ ಮನೆಯ ಹತ್ತು ಮಂದಿಗೆ ಬಂದರೆ ದರ್ಜೆ ಇಳಿಯಿತು. ಪರೀಕ್ಷೆಗೆ ಹೋದರೆ ಊರಿಗೆ ಬೀಗ ಬೀಳುತ್ತದೆ ಎಂದು ಜನ ಪರೀಕ್ಷೆಗೇ ಹಿಂಜರಿದರು. ಗೆರೆಗಳೂ ಒಂದೇ ಕಡೆ ನಿಲ್ಲಲಿಲ್ಲ. ಜೂನ್ ನಡುವಿನಲ್ಲಿ 30ಕ್ಕಿಂತ ಮೇಲೆ ಹೋದರೆ ಡಿ. ಜುಲೈ ಸುರುವಿನ ಹೊತ್ತಿಗೆ ಅದನ್ನು ಇಳಿಸಿ ಇಳಿಸಿ 15ಕ್ಕಿಂತ ಮೇಲೆ ಇದ್ದರೇ ಡಿ ಎಂದರು. 16 ಇದ್ದ ಪಂಚಾಯತು ಜೂನಿನಲ್ಲಿ ಬಿ, ಮೂರೇ ವಾರದಲ್ಲಿ ಅದೇ 16ಕ್ಕೆ ಡಿ. ರೋಗ ಹೆಚ್ಚಾಗಿರಲಿಲ್ಲ, ಗೆರೆ ಜರುಗಿತ್ತು.

ಜುಲೈಯಲ್ಲಿ ವ್ಯಾಪಾರಿಗಳು ಬೀದಿಗೆ ಇಳಿದರು. ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಪೊಲೀಸರಿಗೂ ಅವರಿಗೂ ತಳ್ಳಾಟ ಆಯಿತು. ಅನುಮತಿ ಕೊಡದಿದ್ದರೂ ದಿನಾ ತೆರೆಯುತ್ತೇವೆ ಎಂದು ಅವರ ಸಂಘಟನೆ ಹೇಳಿತು. ಮದ್ಯದಂಗಡಿಯ ಎದುರಿನ ಸಾಲಿಗೆ ಲೆಕ್ಕ ಇಲ್ಲ, ಮದುವೆಗೆ ಮಾತ್ರ ಇಪ್ಪತ್ತು ಜನವೇ ಎಂಬ ಪ್ರಶ್ನೆ ಹೈಕೋರ್ಟಿನಿಂದಲೇ ಬಂತು. ವಾರಕ್ಕೆ ಎರಡು ಮೂರು ದಿನ ತೆರೆದರೆ ಆ ದಿನ ಜನ ಮುಗಿಬೀಳುತ್ತಾರೆ, ದಿನಾ ತೆರೆದರೆ ಜನ ಹಂಚಿಹೋಗುತ್ತಾರೆ ಎಂದು ವೈದ್ಯರಲ್ಲಿಯೇ ಕೆಲವರು ವಾದಿಸಿದರು.

ಕೊನೆಗೆ ಸರಕಾರ ವ್ಯಾಪಾರಿಗಳೊಡನೆ ಮಾತಾಡಿ, ಬಕ್ರೀದಿಗೆ ಮುಂಚೆ ಜುಲೈ 18, 19, 20 ಈ ಮೂರು ದಿನ ಅಂಗಡಿಗಳಿಗೆ ವಿನಾಯಿತಿ ಕೊಟ್ಟಿತು. ಡಿ ದರ್ಜೆಯಲ್ಲಿ 19ರಂದು ಒಂದೇ ದಿನ. ಭಾರತೀಯ ವೈದ್ಯಕೀಯ ಸಂಘ ಇದನ್ನು ವಿರೋಧಿಸಿತು. ಉತ್ತರ ಪ್ರದೇಶದ ಕಾಂವಡ್ ಯಾತ್ರೆಯನ್ನು ತಡೆದ ಸುಪ್ರೀಂ ಕೋರ್ಟಿನ ಎದುರಿಗೆ ಇದೂ ಬಂತು. ರೋಗ ಹೆಚ್ಚಿರುವ ಡಿ ಪ್ರದೇಶದಲ್ಲಿಯೂ ತೆರೆದದ್ದು ಸರಿಯಲ್ಲ, ಯಾವ ಗುಂಪಿನ ಒತ್ತಡವೂ ಜನರ ಬದುಕುವ ಹಕ್ಕಿನ ಮೇಲೆ ಬರಬಾರದು ಎಂದು ಕೋರ್ಟು ಜುಲೈ 20ರಂದು ಗದರಿಸಿತು. ಆದರೆ ಅದೇ ಕೊನೆಯ ದಿನ, ವ್ಯಾಪಾರ ಮುಗಿಯುತ್ತಾ ಬಂದಿತ್ತು.

ಈ ವಿಷಯಕ್ಕೆ ಕೆಲವರು ಜಾತಿ ಧರ್ಮದ ಬಣ್ಣ ಹಚ್ಚಿದರು. ಪೇಟೆಯಲ್ಲಿ ಆ ಮೂರು ದಿನ ಶಟರು ಎತ್ತಿದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಹಬ್ಬ ಒಬ್ಬರದ್ದು, ಸಾಲ ಎಲ್ಲರದ್ದು.

ಆ ತಿಂಗಳ ಕೊನೆಗೆ ಕೇರಳದಲ್ಲಿ ದಿನಕ್ಕೆ 20 ಸಾವಿರ ದಾಟಿ ರೋಗಿಗಳು, ದೇಶದ ಅರ್ಧದಷ್ಟು. ಕೇರಳ ಸೋತಿತು ಎಂದರು ಹಲವರು. ಅದೇ ಹೊತ್ತಿಗೆ ಐಸಿಎಂಆರ್‌ನ ರಕ್ತಪರೀಕ್ಷೆಯ ಸಮೀಕ್ಷೆ ಬಂತು. ರೋಗ ಬಂದು ಹೋದದ್ದರಿಂದಲೋ ಲಸಿಕೆಯಿಂದಲೋ ಪ್ರತಿರೋಧ ಬೆಳೆದವರು ದೇಶದಲ್ಲಿ 67.6 ಶೇಕಡಾ, ಕೇರಳದಲ್ಲಿ 44.4 ಮಾತ್ರ, ಸಮೀಕ್ಷೆ ಮಾಡಿದ ರಾಜ್ಯಗಳಲ್ಲಿ ಅತಿ ಕಡಿಮೆ. ಅಂದರೆ ಇಷ್ಟು ದಿನ ಹೆಚ್ಚು ಜನರನ್ನು ರೋಗದಿಂದ ಕಾಪಾಡಿದ್ದಾರೆ, ಅದಕ್ಕೇ ಇನ್ನೂ ರೋಗ ಬರಬಹುದಾದವರು ಹೆಚ್ಚು ಉಳಿದಿದ್ದಾರೆ. ನಿಧಾನ ಮಾಡಿದವರಿಗೆ ಇದು ಗೆಲುವಿನ ಅಂಕಿ. ಬೇಗ ತೆರೆಯಬೇಕು ಎಂದವರಿಗೆ, ಇನ್ನೆಷ್ಟು ವರ್ಷ ಕಾಯುವುದು ಎಂದು ಕೇಳುವ ಅಂಕಿ. ಮೊದಲು ಲೆಕ್ಕಕ್ಕೆ ಬಾರದಿದ್ದ ಸಾವಿರಾರು ಸಾವುಗಳನ್ನು ಕೇರಳ ಆಮೇಲೆ ಪಟ್ಟಿಗೆ ಸೇರಿಸಿತು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಆಗಸ್ಟ್ ಮೊದಲ ವಾರದಲ್ಲಿ ಸರಕಾರ ಟಿಪಿಆರ್ ಲೆಕ್ಕವನ್ನೇ ಬಿಟ್ಟು, ಊರಿನ ಜನಸಂಖ್ಯೆಗೆ ವಾರಕ್ಕೆ ಎಷ್ಟು ರೋಗಿಗಳು ಎಂಬ ಬೇರೆ ಲೆಕ್ಕ ಹಿಡಿಯಿತು. ಬೀದಿಯಲ್ಲಿ ಕೂಗಿದವರ ಮಾತಿನಲ್ಲಿ ಸ್ವಲ್ಪ ಸತ್ಯ ಇತ್ತು ಎಂದೇ ಅರ್ಥ.

ಮತ್ತೆ ತಲಪಾಡಿ

ಅಂಗಡಿಯ ಬಾಗಿಲು ಹೀಗೆ ಮೆಲ್ಲ ಮೆಲ್ಲ ತೆರೆಯುತ್ತಿದ್ದಾಗ ನಮ್ಮ ಇನ್ನೊಂದು ಬಾಗಿಲು ಮತ್ತೆ ಮುಚ್ಚಿತು. ಕೇರಳದಿಂದ ಬರುವವರು ಎರಡು ಡೋಸು ಲಸಿಕೆ ಹಾಕಿಸಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ತೋರಿಸಬೇಕು ಎಂದು 2021ರ ಜುಲೈ 31ರಂದು ಕರ್ನಾಟಕ ಆದೇಶ ಮಾಡಿತು. ನೇರ ಬಸ್ಸು ನಿಂತಿತು. ಕೇರಳದ ಬಸ್ಸು ತಲಪಾಡಿಯ ತನಕ, ಅಲ್ಲಿ ಇಳಿದು ನಡೆದು ಆಚೆಯ ಬಸ್ಸು. ಕಾಲೇಜಿನ ಮಕ್ಕಳು, ನರ್ಸುಗಳು, ಮೀನು ಮಾರುವವರು, ಗಾರೆ ಕೆಲಸದವರು ದಿನಾ ಹೋಗಿ ಬರುವವರು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹಾಕಿಸಿಕೊಂಡು ಅವರಿಗೆ ಸಾಕಾಗಿಹೋಯಿತು. ಗಡಿಯಲ್ಲಿ ಪ್ರತಿಭಟನೆ ನಡೆಯಿತು. ಈ ನಿಯಮ ಹೋದದ್ದು 2022ರ ಫೆಬ್ರವರಿ 17ರಂದು. ವಿಪತ್ತು ಕಾಯ್ದೆಯ ಕೆಳಗಿನ ನಿರ್ಬಂಧಗಳನ್ನು ಕೇಂದ್ರ ಮುಗಿಸಿದ್ದು ಆ ಮಾರ್ಚ್ 31ಕ್ಕೆ. ಲೆಕ್ಕ ಹಾಕಿ, ಎರಡು ವರ್ಷದ ಮೇಲೆ ಒಂದು ವಾರ.

ಕೇರಳದ ನಕ್ಷೆಯಲ್ಲಿ ನಾವು ಒಂದು ಕೊನೆ, ಕರ್ನಾಟಕದ ನಕ್ಷೆಯಲ್ಲಿ ನಾವು ಇಲ್ಲವೇ ಇಲ್ಲ. ತಿರುವನಂತಪುರದಲ್ಲಿ ವ್ಯಾಪಾರಿಗಳ ಸಂಘಟನೆಯನ್ನು ಕರೆದು ಮಾತಾಡಿಸಿದರು. ಬೆಂಗಳೂರಿನಲ್ಲಿ ಅಲ್ಲಿನವರನ್ನು ಮಾತಾಡಿಸಿದರು. ಬೆಳಿಗ್ಗೆ ಆಚೆ ಹೋಗಿ ಸಂಜೆ ಈಚೆ ಬರುವವರನ್ನು ಯಾರೂ ಕರೆಯಲಿಲ್ಲ, ಅವರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ಉಳಿದ ಮಾತು

ಬೇಗ ತೆರೆಯಬೇಕು ಎಂದವರು ಸರಿಯೋ, ನಿಧಾನ ಎಂದವರು ಸರಿಯೋ? ಎರಡು ವರ್ಷದ ಕಾಗದ ಪತ್ರಗಳನ್ನು ಹಾಕಿಕೊಂಡು ಕೂತ ಮೇಲೆಯೂ ನನಗೆ ಒಂದು ಕಡೆಗೆ ಕೈ ತೋರಿಸಲು ಆಗುವುದಿಲ್ಲ. ಒಂದು ಮಾತು ಮಾತ್ರ ಖಾತ್ರಿ. 'ಎಷ್ಟು ಬೇಗ' ಎಂಬ ಪ್ರಶ್ನೆಯ ಒಳಗೆ ಯಾವಾಗಲೂ ಇನ್ನೊಂದು ಪ್ರಶ್ನೆ ಇರುತ್ತದೆ: ಕಾಯುವ ಖರ್ಚು ಯಾರದ್ದು? ಅದಕ್ಕೆ ಉತ್ತರ ಹೇಳದೆ ನಿಧಾನ ಮಾಡಿ ಎನ್ನುವವನೂ, ತೆರೆದ ಮೇಲೆ ಯಾರ ಮನೆಗೆ ರೋಗ ಬರುತ್ತದೆ ಎಂದು ನೋಡದೆ ಬೇಗ ತೆರೆಯಿರಿ ಎನ್ನುವವನೂ ಅರ್ಧ ಲೆಕ್ಕವನ್ನಷ್ಟೇ ಮಾಡಿದ್ದಾನೆ. ನಾನೂ ಅಂಥ ಅರ್ಧ ಲೆಕ್ಕದವನೇ ಆಗಿದ್ದೆ.

ಕೊನೆಗೊಂದು ವಿನಂತಿ. ಆ ಕಾಲದಲ್ಲಿ ಮಕ್ಕಳು ಟೀವಿಯಲ್ಲಿ ಪಾಠ ನೋಡಿದ್ದು ಈ ವಾಚನಾಲಯದ ಇದೇ ಕೋಣೆಯಲ್ಲಿ. ಇಲ್ಲಿ ಒಂದು ಕಪಾಟು ಖಾಲಿ ಉಂಟು. ನಿಮ್ಮ ಮನೆಯಲ್ಲಿ ಪೊಲೀಸ್ ಪಾಸು, ತಲಪಾಡಿಯಲ್ಲಿ ತೋರಿಸಿದ ಪರೀಕ್ಷೆಯ ಚೀಟಿ, ಕಿಟ್ಟಿನ ಚೀಲ, ಪಂಚಾಯತಿನ ನೋಟೀಸು ಏನಾದರೂ ಉಳಿದಿದ್ದರೆ ಬಿಸಾಡಬೇಡಿ, ತಂದುಕೊಡಿ. ಅದರ ಹಿಂದೆ ತಾರೀಕು ಬರೆಯಿರಿ. ಆ ದಿನ ನೀವು ತೆರೆಯಬೇಕು ಎಂದಿರೋ ಬೇಡ ಎಂದಿರೋ, ಯಾಕೆ ಎಂದೂ ಒಂದು ಸಾಲು ಬರೆಯಿರಿ. ಬಟ್ಟೆ ಅಂಗಡಿಯವರು ಬಾಗಿಲಿಗೆ ಅಂಟಿಸಿದ್ದ 'ಮುಂದಿನ ಆದೇಶದ ತನಕ ಮುಚ್ಚಿದೆ' ಎಂಬ ಕಾಗದವನ್ನು ಈಗಾಗಲೇ ತಂದುಕೊಟ್ಟಿದ್ದಾರೆ. ಕಪಾಟಿನಲ್ಲಿ ಸದ್ಯಕ್ಕೆ ಅದೊಂದೇ ಇದೆ.